ಹಿತ್ತಿಲಿನಲ್ಲಿ ಸುವಾಸನೆಯ ಗೆಡ್ಡೆಹೂಗಳ ಬೇಸಾಯ

(ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ಸೀಮೆಯ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ)

ದೇವರ ಪೂಜೆಗೆ, ಹೆಣ್ಣುಮಕ್ಕಳ ಮುಡಿಗೆ, ಮದುವೆ ಮುಂಜಿಗಳಿಗೆ ಹೂ ಬೇಡವೆನ್ನುವ ಮನೆ ನಮ್ಮ ಸೀಮೆಯಲ್ಲಿ ಒಂದೂ ಇರಲಾರದು. ಆದರೂ ಎಕರೆಗಟ್ಟಲೆ ಭತ್ತ, ಗೋವಿನಜೋಳ, ಕಬ್ಬುಗಳನ್ನು ಬೆಳೆಯುವ ಗೃಹಸ್ಥನು ಚೌತಿ, ನವರಾತ್ರಿ ಬಂದಾಗ ಪೇಟೆಗೆ ಹೋಗಿ, ಕೇಳಿದಷ್ಟು ಹಣ ತೆತ್ತು, ಎರಡು ದಿನಗಳ ಹಿಂದೆ ಕೊಯ್ದ ಹೂವನ್ನು ಮನೆಗೆ ತರುವುದುಂಟು. ಮನೆಯ ಹಿಂದೆ ನಾಲ್ಕು ಮೊಳ ನೆಲವೂ ಬಚ್ಚಲಿನ ನೀರೂ ಇದ್ದರೆ ಈ ವೆಚ್ಚವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಒಮ್ಮೆ ನೆಟ್ಟರೆ ತಾವಾಗಿಯೇ ಹೆಚ್ಚುತ್ತ ಹೋಗುವ, ಬೀಜದ ಖರ್ಚಿಲ್ಲದ, ಸುವಾಸನೆಯುಳ್ಳ ಗೆಡ್ಡೆಹೂಗಳು ಇದಕ್ಕೆ ಬಹಳ ಅನುಕೂಲವಾದುವು. ಅವುಗಳ ಬೇಸಾಯಕ್ರಮವನ್ನು ಈ ಪತ್ರಿಕೆಯಲ್ಲಿ ವಿವರಿಸಲಾಗಿದೆ.

೧. ಗೆಡ್ಡೆಯೆಂದರೆ ಏನು?

ಗೆಡ್ಡೆಯು ಗಿಡದ ಕಣಜ. ಒಕ್ಕಲು ಮುಗಿದ ಮೇಲೆ ರೈತನು ಕಾಳನ್ನು ಕೂಡಿಟ್ಟುಕೊಳ್ಳುವಂತೆ, ಗಿಡವು ಎಲೆಗಳ ಮೂಲಕ ತಯಾರಿಸಿದ ಆಹಾರವನ್ನು ನೆಲದೊಳಗೆ ಕೂಡಿಟ್ಟುಕೊಳ್ಳುತ್ತದೆ. ಈರುಳ್ಳಿಯಲ್ಲಿ ಈ ಆಹಾರವು ಪದರು ಪದರಾಗಿಯೂ, ಶುಂಠಿ ಅರಿಸಿನಗಳಲ್ಲಿ ಕೊಂಬಿನ ರೂಪದಲ್ಲಿಯೂ ಇರುತ್ತದೆ. ಕಣಜ ತುಂಬಿದ ಮೇಲೆ ಎಲೆ ಒಣಗಿ, ಗೆಡ್ಡೆಯು ಕೆಲವು ಕಾಲ ವಿಶ್ರಾಂತಿಯಲ್ಲಿರುತ್ತದೆ. ಇದನ್ನು ಗೆಡ್ಡೆಯ ನಿದ್ರೆಯೆನ್ನಬಹುದು. ಆ ಕಾಲದಲ್ಲಿ ಅದು ಸತ್ತಿರುವುದಿಲ್ಲ; ಮುಂದಿನ ಹೂವಿನ ಮೊಳಕೆಯನ್ನು ಒಡಲಲ್ಲಿ ಇಟ್ಟುಕೊಂಡು ತಕ್ಕ ಕಾಲವನ್ನು ಕಾಯುತ್ತಿರುತ್ತದೆ.

ಗೆಡ್ಡೆಹೂವಿನ ಬೇಸಾಯದಲ್ಲಿ ಮುಖ್ಯವಾಗಿ ತಿಳಿಯಬೇಕಾದ ಸಂಗತಿಗಳು ಎರಡೇ: ಗೆಡ್ಡೆಯ ನಿದ್ರೆ ಯಾವಾಗ ಮುರಿಯುತ್ತದೆ, ಮತ್ತು ನಿದ್ರೆಯಲ್ಲಿರುವಾಗ ಅದಕ್ಕೆ ನೀರು ತಗಲುತ್ತದೆಯೋ ಇಲ್ಲವೋ. ಈ ಎರಡನ್ನು ಅರಿಯದವನು ಎಷ್ಟು ಗೊಬ್ಬರ ಹಾಕಿದರೂ ಫಲವಿಲ್ಲ.

೨. ಶೀತದೇಶದ ಗೆಡ್ಡೆಗಳು ನಮ್ಮಲ್ಲಿ ಏಕೆ ಹೂಬಿಡುವುದಿಲ್ಲ?

ಹಯಸಿಂತ್, ಟ್ಯೂಲಿಪ್ ಮೊದಲಾದ ಹೂಗಳ ಬಣ್ಣದ ಚಿತ್ರಗಳನ್ನು ನೋಡಿ, ಹೆಚ್ಚು ಬೆಲೆ ಕೊಟ್ಟು ಗೆಡ್ಡೆಗಳನ್ನು ತರಿಸುವವರು ಉಂಟು. ಇವುಗಳ ನಿದ್ರೆ ಮುರಿಯುವುದು ಚಳಿಯಿಂದ. ಹಯಸಿಂತ್ ಗೆಡ್ಡೆಯು ಸರಿಯಾಗಿ ಹೂಬಿಡಬೇಕಾದರೆ ಹತ್ತು ಹನ್ನೆರಡು ವಾರಗಳ ಕಾಲ ಒಂದೇ ಸಮನೆ ಸುಮಾರು ೯ ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆ ಉಷ್ಣತೆಯಲ್ಲಿ ಇರಬೇಕು. ಕಾಶ್ಮೀರದ ನೆಲದಲ್ಲಿ ಇದು ತಾನಾಗಿಯೇ ಒದಗುತ್ತದೆ. ಆದುದರಿಂದಲೇ ಶ್ರೀನಗರದ ಟ್ಯೂಲಿಪ್ ಉದ್ಯಾನವು ವಸಂತದಲ್ಲಿ ಅಷ್ಟು ಚೆನ್ನಾಗಿ ಅರಳುತ್ತದೆ. ನಮ್ಮ ಸೀಮೆ ಹಾಗಲ್ಲ. ದಾಂಡೇಲಿ, ಹಳಿಯಾಳ, ಮುಂಡಗೋಡಗಳು ಸಮುದ್ರಮಟ್ಟದಿಂದ ಸುಮಾರು ೧,೫೦೦ ಅಡಿಗಳಿಂದ ೧,೯೦೦ ಅಡಿಗಳವರೆಗೆ ಎತ್ತರದಲ್ಲಿವೆ. ಪುಷ್ಯಮಾಸದ ಬೆಳಗಿನ ಜಾವ ಎಷ್ಟೇ ತಣ್ಣಗಿದ್ದರೂ ಹೊತ್ತೇರುತ್ತಲೇ ಬಿಸಿಲು ನೆಲವನ್ನು ಕಾಯಿಸಿಬಿಡುತ್ತದೆ. ಹೀಗೆ ತರಿಸಿದ ಗೆಡ್ಡೆಯು ಎಲೆಯನ್ನಷ್ಟೇ ತೋರಿಸಿ, ಮಳೆಗಾಲದಲ್ಲಿ ಕೊಳೆತುಹೋಗುವುದೇ ಸಾಮಾನ್ಯ.

ಹಾಗೆಂದು ನಮಗೆ ವಸಂತದ ಗೆಡ್ಡೆಹೂಗಳಿಲ್ಲವೆಂದು ತಿಳಿಯಬಾರದು. ಶೀತದೇಶದ ಗೆಡ್ಡೆಯನ್ನು ಹಿಮ ಎಬ್ಬಿಸಿದರೆ, ನಮ್ಮ ಗೆಡ್ಡೆಗಳನ್ನು ಅಶ್ವಿನಿ ಭರಣಿಯ ಮಳೆಗಳು ಎಬ್ಬಿಸುತ್ತವೆ. ನಮ್ಮ ಮಳೆಯ ಕ್ರಮಕ್ಕೆ ಹೊಂದುವ ಹೂಗಳನ್ನೇ ಆರಿಸಿಕೊಳ್ಳುವುದು ಜಾಣತನ. ಅಂಥವುಗಳಲ್ಲಿ ಮೂರನ್ನು ಇಲ್ಲಿ ಹೇಳಿದೆ: ನೆರಳಿರುವ ಒಣಜಾಗಕ್ಕೆ ನೆಲಸಂಪಿಗೆ, ಬಿಸಿಲಿನ ಏರುಮಡಿಗೆ ಸುಗಂಧರಾಜ, ಬಚ್ಚಲಿನ ನೀರು ಹರಿಯುವ ಕಡೆಗೆ ಸುರುಳಿ ಸುಗಂಧಿ. ಈ ಮೂರೂ ಇರುವ ಹಿತ್ತಿಲಿನಲ್ಲಿ ಚೈತ್ರದಿಂದ ಕಾರ್ತಿಕದವರೆಗೆ ಒಂದಲ್ಲ ಒಂದು ಹೂವಿನ ಸುವಾಸನೆ ಇರುವುದು.

೩. ನೆಲಸಂಪಿಗೆ

ಇದು ಶುಂಠಿ ಅರಿಸಿನಗಳ ಜಾತಿಗೆ ಸೇರಿದುದು. ಸಂಸ್ಕೃತದಲ್ಲಿ ಇದಕ್ಕೆ ಭೂಮಿಚಂಪಕವೆಂದು ಹೆಸರು. ಮಲೆನಾಡಿನ ಹಳೆಯ ಹಿತ್ತಿಲುಗಳಲ್ಲಿ ಇದನ್ನು ಹಿಂದಿನಿಂದಲೂ ಬೆಳೆಸಿಕೊಂಡು ಬಂದಿದ್ದಾರೆ. ಚಳಿಗಾಲದಲ್ಲಿ ಇದರ ಎಲೆಗಳು ಪೂರ್ತಿಯಾಗಿ ಒಣಗಿ, ಗಿಡವಿದ್ದ ಗುರುತೇ ಉಳಿಯುವುದಿಲ್ಲ. ಬೇಸಗೆಯಲ್ಲಿ, ಮೊದಲ ಮಳೆಗಳ ಹಿಂದುಮುಂದಿನಲ್ಲಿ, ಎಲೆಯಾಗಲಿ ಕಾಂಡವಾಗಲಿ ಇಲ್ಲದೆ ಹೂ ಮಾತ್ರ ನೆಲವನ್ನು ಸೀಳಿಕೊಂಡು ಮೇಲೆ ಬರುತ್ತದೆ. ದಳಗಳು ಬಿಳಿ, ನಡುವಿನ ತುಟಿ ನೇರಳೆ; ಪರಿಮಳವು ಮನೋಹರ. ಒಂದೊಂದು ಹೂವಿನ ಬಾಳು ಒಂದೇ ದಿನವಾದರೂ, ಒಂದು ಬುಡದಿಂದ ದಿನ ಬಿಟ್ಟು ದಿನವೆಂಬಂತೆ ಅನೇಕ ಹೂಗಳು ಬರುತ್ತವೆ. ಆಮೇಲೆ ಮಳೆ ಹಿಡಿದಾಗ ಎಲೆಗಳು ಹೊರಡುತ್ತವೆ. ಎಲೆಯ ಮೇಲ್ಭಾಗದಲ್ಲಿ ಬೆಳ್ಳಿಯ ಬಣ್ಣದ ಪಟ್ಟೆಗಳೂ ಕೆಳಭಾಗದಲ್ಲಿ ನೇರಳೆಯ ಛಾಯೆಯೂ ಇರುವುದರಿಂದ ಹೂವಿಲ್ಲದ ಕಾಲದಲ್ಲಿಯೂ ಗುರುತಿಸುವುದು ಸುಲಭ.

ಪುಷ್ಯ ಮಾಘಗಳಲ್ಲಿ, ಅಂದರೆ ಗೆಡ್ಡೆ ನಿದ್ರೆಯಲ್ಲಿರುವಾಗ, ಹಳೆಯ ಬುಡವನ್ನು ಅಗೆದು, ಒಂದೊಂದು ಭಾಗಕ್ಕೂ ಒಂದೊಂದು ಮೊಳಕೆಯ ಕಣ್ಣು ಇರುವಂತೆ ಬಿಡಿಸಿ, ಗಾಯದ ಮೇಲೆ ಒಲೆಯ ಬೂದಿಯನ್ನು ಸವರಿ, ಎರಡು ದಿನ ನೆರಳಿನಲ್ಲಿ ಆರಿಸಬೇಕು. ಬಳಿಕ ಎರಡು ಅಂಗುಲ ಆಳದಲ್ಲಿ, ಒಂದು ಅಡಿಗೆ ಒಂದರಂತೆ ನೆಡಬೇಕು. ಮಾವು, ಹಲಸು, ಅಡಕೆ ಮರಗಳ ಅರೆನೆರಳು ಇದಕ್ಕೆ ಹಿತ. ಸ್ವಲ್ಪ ಇಳಿಜಾರಾದ ನೆಲವಾದರೆ ಮಳೆಗಾಲದ ಭಯವಿಲ್ಲ. ಮೇಲೆ ತೆಳ್ಳಗೆ ದರಕು ಹರಡಿದರೆ ಸಾಕು. ಕಾರ್ತಿಕದಿಂದ ಹೂ ಕಾಣುವವರೆಗೆ ನೀರು ಹಾಕಕೂಡದು. ಗಿಡ ಸತ್ತಿತೆಂದು ಭಾವಿಸಿ ದಿನವೂ ನೀರೆರೆದು ಗೆಡ್ಡೆಯನ್ನು ಕೊಳೆಸುವವರೇ ಹೆಚ್ಚು. ಸ್ಥಳ ಮರೆತುಹೋಗದಂತೆ ನಾಲ್ಕು ಕಡೆಯೂ ಕಲ್ಲು ಇಟ್ಟಿರಬೇಕು. ಇಲ್ಲವಾದರೆ ಬೇಸಗೆಯಲ್ಲಿ ಗುದ್ದಲಿ ಬಿದ್ದು ಹೂವಿನ ಮೊಳಕೆ ಮುರಿಯುತ್ತದೆ. ಜಾಗ ಬದಲಿಸಿದ ವರ್ಷ ಹೂ ಕಡಿಮೆಯಾಗಬಹುದು. ಅದಕ್ಕಾಗಿ ಮತ್ತೆ ಅಗೆಯಕೂಡದು.

೪. ಸುಗಂಧರಾಜ

ಇದರ ಮೂಲಸ್ಥಾನ ಮೆಕ್ಸಿಕೋ ದೇಶ. ನಮ್ಮ ಬೇಲಿಗಳಲ್ಲಿರುವ ಕತ್ತಾಳೆಯೂ ಆ ಕಡೆಯಿಂದಲೇ ಬಂದುದು. ಸಸ್ಯಶಾಸ್ತ್ರಜ್ಞರು ಈಗ ಸುಗಂಧರಾಜವನ್ನು ಕತ್ತಾಳೆಯ ಕುಲದಲ್ಲಿಯೇ ಸೇರಿಸಿದ್ದಾರೆ. ಕತ್ತಾಳೆಯು ಬಾಳಿನಲ್ಲಿ ಒಂದೇ ಸಲ ಹೂಬಿಟ್ಟು, ಸುತ್ತಲೂ ಮರಿಗಳನ್ನು ಬಿಟ್ಟು ಸಾಯುವುದನ್ನು ಎಲ್ಲರೂ ಕಂಡಿರಬಹುದು. ಸುಗಂಧರಾಜದ ಗೆಡ್ಡೆಯ ಸ್ವಭಾವವೂ ಅದೇ. ಒಮ್ಮೆ ಹೂಬಿಟ್ಟ ತಾಯಿಗೆಡ್ಡೆ ಮತ್ತೆ ಹೂಬಿಡುವುದಿಲ್ಲ. ಅದರ ಸುತ್ತಲಿನ ಮರಿಗೆಡ್ಡೆಗಳೇ ಮುಂದಿನ ಹೂಗಳನ್ನು ಕೊಡತಕ್ಕವು. ಕೊಳ್ಳುವಾಗಲೂ ಆರಿಸುವಾಗಲೂ ಇದನ್ನು ನೆನಪಿನಲ್ಲಿಡಬೇಕು. ಸುಮಾರು ಒಂದು ಅಂಗುಲ ದಪ್ಪವಾಗಿ, ಗಟ್ಟಿಯಾಗಿ, ಕದಿರಿನಂತೆ ತುದಿ ಮೊನಚಾಗಿರುವ ಗೆಡ್ಡೆ ಒಳ್ಳೆಯದು. ಹೂಗೊನೆಯ ಒಣಗಿದ ಮೋಟು ನಡುವೆ ಉಳಿದಿರುವ ಗೆಡ್ಡೆ ಎಷ್ಟು ದಪ್ಪವಾಗಿದ್ದರೂ ಬೇಡ.

ತಳಿಗಳಲ್ಲಿ ಒಂಟಿಸುತ್ತಿನವು, ಜೋಡಿಸುತ್ತಿನವು ಎಂದು ಎರಡು ಬಗೆ. ಒಂಟಿಸುತ್ತಿನ ಹೂವಿಗೆ ಪರಿಮಳ ಹೆಚ್ಚು. ಹಾರಕ್ಕೂ ಸುಗಂಧದ್ರವ್ಯಕ್ಕೂ ಅದೇ ಯೋಗ್ಯ. ಜೋಡಿಸುತ್ತಿನದು ನೋಟಕ್ಕೆ ಚೆನ್ನ; ಹೂದಾನಿಗೆ ಒದಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ತಳಿಗಳಲ್ಲಿ ಶೃಂಗಾರ್, ಪ್ರಜ್ವಲ್ ಎಂಬುವು ಒಂಟಿಸುತ್ತಿನವು. ಸುವಾಸಿನಿ, ವೈಭವ್ ಎಂಬುವು ಜೋಡಿಸುತ್ತಿನವು. ಪ್ರಜ್ವಲ್ ತಳಿಯ ಮೊಗ್ಗಿನಲ್ಲಿ ನಸುಗೆಂಪು ಛಾಯೆಯಿದ್ದು, ಅರಳಿದ ಮೇಲೆ ಹೂ ಬಿಳಿಯಾಗುತ್ತದೆ. ಬೇರಿನಲ್ಲಿ ಗಂಟು ಮಾಡುವ ಜಂತುಹುಳುವಿನ ಬಾಧೆಯನ್ನು ಶೃಂಗಾರ್ ತಳಿಯು ತಕ್ಕಮಟ್ಟಿಗೆ ತಡೆದುಕೊಳ್ಳುವುದರಿಂದ ಹಿತ್ತಿಲಿಗೆ ಅದನ್ನು ಮೊದಲು ಆರಿಸಬಹುದು.

ಮಡಿಯ ಲೆಕ್ಕ: ದಿನಕ್ಕೆ ಆರು ಗಂಟೆಗಳಾದರೂ ಬಿಸಿಲು ಬೀಳುವ ಕಡೆ ೧೨ ಅಡಿ ಉದ್ದ, ೩ ಅಡಿ ಅಗಲದ ಏರುಮಡಿಯನ್ನು ಮಾಡಬೇಕು. ಒಂದು ಅಡಿ ಆಳಕ್ಕೆ ಅಗೆದು, ನಾಲ್ಕು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಮುಕ್ಕಾಲು ಕಿಲೋ ಬೇವಿನ ಹಿಂಡಿಯನ್ನೂ ಸೇರಿಸಬೇಕು. ಗೌಳಿಗರ ಎಮ್ಮೆಗಳ ಹಳೆಯ ಗೊಬ್ಬರ ಸಿಕ್ಕುವ ಊರುಗಳಲ್ಲಿ ಅದು ಉತ್ತಮ. ಹಸಿ ಸಗಣಿಯನ್ನು ಮಾತ್ರ ಹಾಕಲೇಕೂಡದು. ಭತ್ತದ ಗದ್ದೆಯಂಥ ಜಿಗುಟು ಮಣ್ಣಾದರೆ ಎರಡು ಬುಟ್ಟಿ ಮರಳು ಬೆರೆಸಬೇಕು. ಗೆಡ್ಡೆಯಿಂದ ಗೆಡ್ಡೆಗೆ ಎಲ್ಲ ಕಡೆಯೂ ೯ ಅಂಗುಲ ಅಂತರವಿಟ್ಟರೆ, ಅಗಲಕ್ಕೆ ೪ ಸಾಲು, ಉದ್ದಕ್ಕೆ ೧೬, ಒಟ್ಟು ೬೪ ಗೆಡ್ಡೆಗಳು ಒಂದು ಮಡಿಗೆ ಸಾಕು. ಗೆಡ್ಡೆಯ ಮೇಲೆ ಎರಡು ಅಂಗುಲ ಮಣ್ಣಿರಬೇಕು. ನೆಟ್ಟ ಮೂರು ಮೂರೂವರೆ ತಿಂಗಳಿಗೆ ಹೂಗೊನೆ ಹೊರಡುತ್ತದೆ. ಚಳಿಗಾಲದಲ್ಲಿ ಇನ್ನೂ ಸ್ವಲ್ಪ ತಡವಾಗಬಹುದು.

೫. ನೆಡುವ ಕಾಲ ಊರಿಗೊಂದು ಬಗೆ

ನಮ್ಮ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ನೆರೆಯವಾದರೂ ಮಳೆ ಒಂದೇ ಅಲ್ಲ. ಹಳಿಯಾಳ, ಮುಂಡಗೋಡಗಳು ಅರೆಮಲೆನಾಡು. ಜೋಯಿಡಾದ ಪಶ್ಚಿಮದಂಚಿನಲ್ಲಿ, ಕ್ಯಾಸಲ್‌ರಾಕಿನ ಕಡೆಗೆ, ಅದಕ್ಕಿಂತ ಹಲವು ಪಾಲು ಹೆಚ್ಚು ಮಳೆ ಸುರಿಯುತ್ತದೆ. ಆದುದರಿಂದ ಒಂದೇ ಕ್ರಮವನ್ನು ಎಲ್ಲ ಕಡೆಯೂ ಅನುಸರಿಸುವುದು ಸರಿಯಲ್ಲ.

ಹಳಿಯಾಳ, ಮುಂಡಗೋಡ ಸೀಮೆಯಲ್ಲಿ ಸುಗಂಧರಾಜವನ್ನು ಫಾಲ್ಗುಣ ಚೈತ್ರಗಳಲ್ಲಿ, ನೀರಿನ ಅನುಕೂಲವಿದ್ದಲ್ಲಿ, ನೆಡಬಹುದು. ಮಡಿಯು ನೆಲದಿಂದ ಒಂದು ಗೇಣು ಎತ್ತರವಿದ್ದು, ಸುತ್ತಲೂ ಬಸಿಗಾಲುವೆ ಇರಬೇಕು. ಹೀಗೆ ನೆಟ್ಟುದು ಆಷಾಢದ ಹೊತ್ತಿಗೆ ಹೂಬಿಡತೊಡಗಿ, ಚೌತಿಗೂ ನವರಾತ್ರಿಗೂ ಒದಗುತ್ತದೆ. ಅದೇ ಮಡಿಯನ್ನು ಎರಡು ಮೂರು ವರ್ಷ ಇಟ್ಟುಕೊಳ್ಳಬಹುದು. ಎರಡನೆಯ ವರ್ಷದಿಂದ ವಸಂತದಲ್ಲಿಯೂ ಹೂ ಸಿಕ್ಕುವುದು. ಮೂರನೆಯ ವರ್ಷ ಕಳೆದ ಮೇಲೆ ಗೆಡ್ಡೆಗಳು ಒತ್ತಾಗಿ, ಹೂಗೊನೆ ಕುಗ್ಗುತ್ತದೆ. ಆಗ ಕಿತ್ತು, ಬಿಡಿಸಿ, ಬೇರೆ ಮಡಿಯಲ್ಲಿ ನೆಡಬೇಕು.

ಜೋಯಿಡಾದಲ್ಲಿಯೂ ದಾಂಡೇಲಿಯ ಪಶ್ಚಿಮದ ಊರುಗಳಲ್ಲಿಯೂ ಚಿತ್ತಾಮಳೆ ಮುಗಿದ ಮೇಲೆ ನೆಟ್ಟು, ಮಾಘದಿಂದ ವೈಶಾಖದವರೆಗೆ ಹೂ ಕೊಯ್ದು, ರೋಹಿಣಿ ಮಳೆಗೆ ಮುಂಚೆ ಗೆಡ್ಡೆಗಳನ್ನು ಕಿತ್ತಿಟ್ಟುಕೊಳ್ಳುವುದು ಕ್ಷೇಮ. ಕೀಳುವುದಕ್ಕೆ ಮೂರು ವಾರ ಮೊದಲೇ ನೀರನ್ನು ನಿಲ್ಲಿಸಬೇಕು. ಎಲೆ ಹಳದಿಯಾದ ಮೇಲೆ ಕಿತ್ತು, ಮಣ್ಣು ಕೊಡವಿ, ನೆರಳಿನಲ್ಲಿ ಒಂದು ವಾರ ಆರಿಸಿ, ಬಿದಿರಿನ ಬುಟ್ಟಿಯಲ್ಲಿ ತೆಳುವಾಗಿ ಹರಡಿ, ಒಲೆಯ ಬೆಚ್ಚನೆಯ ಗಾಳಿಯಾಡುವ ಅಟ್ಟದಲ್ಲಿ ಇಡಬೇಕು. ಹದಿನೈದು ದಿನಗಳಿಗೊಮ್ಮೆ ಬುಟ್ಟಿಯನ್ನು ನೋಡಿ, ಮೆತ್ತಗಾದುದನ್ನು ತೆಗೆದುಹಾಕಬೇಕು. ಶೀತದೇಶಗಳ ತೋಟಗಾರರೂ ಸುಗಂಧರಾಜವನ್ನು ಹೀಗೆಯೇ ಪ್ರತಿವರ್ಷ ಕಿತ್ತಿಡುತ್ತಾರೆ. ಅವರು ಹಿಮಕ್ಕೆ ಹೆದರಿ ಕೀಳುತ್ತಾರೆ, ನಾವು ಮಳೆಗೆ ಹೆದರಿ ಕೀಳಬೇಕು. ಕಾರಣ ಬೇರೆಯಾದರೂ ಕ್ರಮ ಒಂದೇ. ಸಣ್ಣ ಮರಿಗೆಡ್ಡೆಗಳನ್ನು ಎಸೆಯದೆ ಬೇರೆ ಮಡಿಯಲ್ಲಿ ಒಂದು ವರ್ಷ ಬೆಳೆಸಿದರೆ ಅವೂ ಹೂವಿಗೆ ಬರುತ್ತವೆ.

ಬೀಜದ ಗೆಡ್ಡೆಯನ್ನು ಕಾಪಾಡುವ ಈ ವಿದ್ಯೆ ಜೋಯಿಡಾದವರಿಗೆ ಹೊಸದಲ್ಲ. ಅಲ್ಲಿಯ ಕುಣಬಿ ಸಮಾಜದವರು ಮುಡ್ಲಿ, ಕೋನ ಮೊದಲಾದ ತಿನ್ನುವ ಗೆಡ್ಡೆಗಳನ್ನು ವಂಶಪಾರಂಪರ್ಯವಾಗಿ ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಜೋಯಿಡಾದಲ್ಲಿ ನಡೆಯುವ ಗೆಡ್ಡೆ ಗೆಣಸುಗಳ ಮೇಳವೇ ಇದಕ್ಕೆ ಸಾಕ್ಷಿ. ಆ ಜಾಣ್ಮೆಯನ್ನು ಹೂವಿನ ಗೆಡ್ಡೆಗೂ ಬಳಸಿದರೆ ಸಾಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಹೂವಿನ ಗೆಡ್ಡೆಗಳು ತಿನ್ನತಕ್ಕವಲ್ಲ. ಸುಗಂಧರಾಜದ ಮರಿಗೆಡ್ಡೆಯು ಸಣ್ಣ ಈರುಳ್ಳಿಯಂತೆ ಕಾಣುವುದರಿಂದ, ಅಡಿಗೆಯ ಗೆಡ್ಡೆಗಳ ಜೊತೆಯಲ್ಲಿ ಒಂದೇ ಬುಟ್ಟಿಯಲ್ಲಿ ಇಡಕೂಡದು. ಬುಟ್ಟಿಗೆ ಬಣ್ಣದ ದಾರವನ್ನು ಕಟ್ಟಿ ಮನೆಯವರೆಲ್ಲರಿಗೂ ತಿಳಿಸಿರಬೇಕು.

೬. ಸುರುಳಿ ಸುಗಂಧಿ

ಮೇಲಿನ ಎರಡು ಹೂಗಳಿಗೆ ನಿಂತ ನೀರು ವಿಷವಾದರೆ, ಇದಕ್ಕೆ ತೇವವೇ ಜೀವ. ಇದೂ ಶುಂಠಿಯ ಜಾತಿಯದು. ನಾಲ್ಕರಿಂದ ಆರು ಅಡಿ ಎತ್ತರದ ಕಾಂಡದ ತುದಿಯಲ್ಲಿ ಚಿಟ್ಟೆಯಂಥ ಬಿಳಿಯ ಹೂಗಳು ಶ್ರಾವಣದಿಂದ ಅರಳುತ್ತವೆ. ಕ್ಯೂಬಾ ದೇಶದವರು ೧೯೩೬ರಲ್ಲಿ ಇದನ್ನು ತಮ್ಮ ರಾಷ್ಟ್ರಪುಷ್ಪವನ್ನಾಗಿ ಆರಿಸಿಕೊಂಡರು. ಬಚ್ಚಲಿನ ಕಾಲುವೆಯ ಪಕ್ಕದಲ್ಲಿಯೋ ಬಾವಿಯ ಕಟ್ಟೆಯ ಬಳಿಯಲ್ಲಿಯೋ ಕೊಂಬಿನ ತುಂಡುಗಳನ್ನು ವೈಶಾಖದಲ್ಲಿ ಎರಡು ಅಡಿ ಅಂತರದಲ್ಲಿ ನೆಟ್ಟರೆ, ಮಳೆಗಾಲದಲ್ಲಿ ಹೂ ಕಾಣಬಹುದು. ಹೂಬಿಟ್ಟ ಕಾಂಡ ಮತ್ತೆ ಹೂಬಿಡುವುದಿಲ್ಲ. ಅದನ್ನು ಬುಡಕ್ಕೆ ಕೊಯ್ದು ಹೊಸ ಮೊಳಕೆಗೆ ಎಡೆ ಮಾಡಬೇಕು. ಇದರ ಕೊಂಬುಗಳನ್ನು ಹಳ್ಳಕ್ಕೋ ಹೊಳೆಗೋ ಎಸೆಯಕೂಡದು. ಹವಾಯಿ, ಬ್ರೆಜಿಲ್ ಮೊದಲಾದ ಕಡೆಗಳಲ್ಲಿ ಇದು ತೋಟದಿಂದ ತಪ್ಪಿಸಿಕೊಂಡು, ಹೊಳೆಯ ದಂಡೆಗಳನ್ನು ಮುಚ್ಚಿ, ಕಳೆಯಾಗಿ ಪರಿಣಮಿಸಿದೆ.

೭. ರೋಗ, ಪ್ರಾಣಿಬಾಧೆ ಮತ್ತು ಒಂದು ತಪ್ಪು ನಂಬಿಕೆ

ಸುಗಂಧರಾಜಕ್ಕೆ ಮುಖ್ಯ ಶತ್ರು ಬುಡಕೊಳೆ ರೋಗ. ನೆಲದ ಮಟ್ಟದಲ್ಲಿ ಬಿಳಿಯ ನೂಲಿನಂಥ ಬೂಷ್ಟು ಕಾಣಿಸಿ, ಸಾಸಿವೆಯಂಥ ಕಂದು ಕಾಳುಗಳು ಹುಟ್ಟಿ, ಎಲೆಗಳು ಬುಡದಿಂದ ಕಳಚಿಬೀಳುತ್ತವೆ. ಅಂಥ ಗಿಡವನ್ನು ಮಣ್ಣುಸಹಿತ ತೆಗೆದು ಸುಡಬೇಕು. ಬಸಿಗಾಲುವೆಯನ್ನು ಆಳಮಾಡಿ, ಮಡಿಯ ಗೊಬ್ಬರಕ್ಕೆ ಟ್ರೈಕೋಡರ್ಮದ ಪುಡಿಯನ್ನು ಬೆರೆಸಿ ಹಾಕುವುದರಿಂದ ರೋಗ ಹತೋಟಿಗೆ ಬರುತ್ತದೆ. ನೀರು ನಿಲ್ಲುವ ಮಡಿಗೆ ಯಾವ ಔಷಧವೂ ನಾಟದು. ಕಾಡಿನಂಚಿನ ಊರುಗಳಲ್ಲಿ ಹಂದಿ, ಮುಳ್ಳುಹಂದಿಗಳು ಗೆಡ್ಡೆಗಳನ್ನು ಅಗೆಯುತ್ತವೆ. ಮಡಿಯನ್ನು ಮನೆಯ ಗೋಡೆಯ ಹತ್ತಿರದಲ್ಲಿಯೇ ಮಾಡಿ, ಮುಳ್ಳಿನ ಬೇಲಿಯನ್ನು ಹಾಕಬೇಕು.

ಪರಿಮಳದ ಹೂ ಬೆಳೆದರೆ ಹಾವು ಬರುತ್ತದೆಂಬ ಭಯ ಅನೇಕರಲ್ಲಿದೆ. ಹಾವು ಹೂವಿನ ಪರಿಮಳಕ್ಕೆ ಬರುವುದಿಲ್ಲ. ಇಲಿ ಕಪ್ಪೆಗಳನ್ನೂ ಅಡಗಲು ಪೊದೆಯನ್ನೂ ಹುಡುಕಿಕೊಂಡು ಬರುತ್ತದೆ. ಸುಗಂಧರಾಜವು ಸಂಜೆ ಅರಳಿ ರಾತ್ರಿ ಹೆಚ್ಚು ಪರಿಮಳ ಬೀರುವುದು ರಾತ್ರಿ ಹಾರುವ ಪತಂಗಗಳನ್ನು ಕರೆಯುವುದಕ್ಕಾಗಿ. ಹಿತ್ತಿಲನ್ನು ಚೊಕ್ಕಟವಾಗಿಟ್ಟುಕೊಂಡು, ಒಣಗಿದ ಕಾಂಡಗಳನ್ನು ತೆಗೆಯುತ್ತಿದ್ದರೆ ಭಯಕ್ಕೆ ಕಾರಣವಿಲ್ಲ. ಬಿಡಿಹೂವನ್ನು ಸೂರ್ಯೋದಯಕ್ಕೆ ಮುಂಚೆಯೂ, ಹೂದಾನಿಯ ಗೊನೆಯನ್ನು ಕೆಳಗಿನ ಒಂದೆರಡು ಹೂ ಬಿರಿದಾಗಲೂ ಕೊಯ್ಯುವುದು ಉತ್ತಮ.

೮. ಗ್ರಾಮದ ಮುಖಂಡರಲ್ಲಿ ಅರಿಕೆ

ಗೆಡ್ಡೆಗಾಗಿ ಕಾಡಿಗೆ ಗುದ್ದಲಿ ಒಯ್ಯುವ ಅಭ್ಯಾಸವನ್ನು ತಾವು ತಡೆಯಬೇಕು. ೨೦೦೭ರಲ್ಲಿ ದಾಂಡೇಲಿ ಅಣಶಿ ಎಂಬ ಹೆಸರಿನಲ್ಲಿ ಸ್ಥಾಪನೆಯಾಗಿ, ೨೦೧೫ರಲ್ಲಿ ಕಾಳಿ ಎಂಬ ಹೆಸರನ್ನು ಪಡೆದ ಹುಲಿ ಸಂರಕ್ಷಿತ ಪ್ರದೇಶವು ನಮ್ಮ ಊರುಗಳ ಮಗ್ಗುಲಿನಲ್ಲಿಯೇ ಇದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಅಭಯಾರಣ್ಯದೊಳಗಿನ ಗಿಡಗಳನ್ನು ಕಿತ್ತು ನಾಶಮಾಡುವುದು ಅಪರಾಧ. ಕಾನೂನು ಹಾಗಿರಲಿ, ಗೆಡ್ಡೆಯನ್ನು ಕಿತ್ತವನು ಹೂವನ್ನಷ್ಟೇ ಅಲ್ಲ, ಅದರ ಮುಂದಿನ ಸಂತತಿಯನ್ನೂ ಕಿತ್ತಂತೆ. ಎಲೆಯಿಲ್ಲದ ಕಾಲದಲ್ಲಿ ಕಣ್ಣಿಗೆ ಕಾಣದ ಗಿಡ ತೀರಿಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ಹಳೆಯ ಹಿತ್ತಿಲುಗಳ ನೆಲಸಂಪಿಗೆಗೂ ಇದೇ ಆಪತ್ತು. ಮನೆ ಒಡೆದು ಕಟ್ಟುವಾಗ, ಅಂಗಳಕ್ಕೆ ಸಿಮೆಂಟು ಹಾಕುವಾಗ, ಮಣ್ಣಿನೊಳಗೆ ಮಲಗಿರುವ ಗೆಡ್ಡೆಯನ್ನು ನೆನೆಯುವವರು ಯಾರು? ಕೆಲಸ ಆರಂಭಿಸುವ ಮೊದಲು ಮನೆಯ ಹಿರಿಯ ಹೆಂಗಸರನ್ನು ಒಂದು ಮಾತು ಕೇಳಿದರೆ, ಎಲ್ಲಿ ಯಾವ ಗೆಡ್ಡೆಯಿದೆಯೆಂದು ಅವರು ತೋರಿಸುತ್ತಾರೆ. ಊರಿನಲ್ಲಿ ಯಾರ ಮನೆಯಲ್ಲಿ ನೆಲಸಂಪಿಗೆಯಿದೆಯೆಂಬುದನ್ನು ಈ ವೈಶಾಖದಲ್ಲಿ ಹೂಬಿಟ್ಟಾಗಲೇ ಗುರುತುಮಾಡಿಟ್ಟುಕೊಂಡು, ಪುಷ್ಯಮಾಸದಲ್ಲಿ ಬಿಡಿಸಿ ನಾಲ್ಕು ಮನೆಗಳಿಗೆ ಹಂಚಬೇಕು. ಒಂದೇ ಹಿತ್ತಿಲಿನಲ್ಲಿರುವ ಗಿಡಕ್ಕೆ ಒಂದು ಗುದ್ದಲಿಯ ಏಟು ಸಾಕು. ಹತ್ತು ಹಿತ್ತಿಲುಗಳಲ್ಲಿರುವುದು ಉಳಿಯುತ್ತದೆ.

ಶಾಲೆಯ ಆವರಣದಲ್ಲಿಯೋ ದೇವಸ್ಥಾನದ ಹಿಂದೆಯೋ ಸುಗಂಧರಾಜದ ಒಂದು ಮಡಿಯನ್ನು ಊರಿನ ವತಿಯಿಂದ ಮಾಡಿಸಬಹುದು. ಹತ್ತು ಗೆಡ್ಡೆಗಳನ್ನು ಒಯ್ದವರು ಮುಂದಿನ ಸುಗ್ಗಿಯಲ್ಲಿ ಹದಿನೈದನ್ನು ಹಿಂದಿರುಗಿಸಬೇಕೆಂದು ಕಟ್ಟು ಮಾಡಿದರೆ, ಮಡಿ ಬರಿದಾಗದೆ ಕೆಲವೇ ವರ್ಷಗಳಲ್ಲಿ ಊರಿನ ಎಲ್ಲ ಮನೆಗಳಿಗೂ ಗೆಡ್ಡೆ ಮುಟ್ಟುವುದು. ತಳಿಗಳ ವಿಷಯವಾಗಿ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿಯೂ ಶಿರಸಿಯ ತೋಟಗಾರಿಕಾ ಮಹಾವಿದ್ಯಾಲಯದಲ್ಲಿಯೂ ವಿಚಾರಿಸಬಹುದು. ಮೊದಲು ಮಾಡಬೇಕಾದ ಕೆಲಸಕ್ಕೆ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ: ಮುಂದಿನ ಜೋರುಮಳೆಯ ದಿನ ಹಿತ್ತಿಲಿಗೆ ಹೋಗಿ, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿದುಹೋಗುತ್ತದೆ ಎಂಬುದನ್ನು ನೋಡಿ, ಗೂಟ ನೆಟ್ಟು ಗುರುತುಮಾಡಿಕೊಳ್ಳಬೇಕು. ಯಾವ ಗೆಡ್ಡೆಯನ್ನು ಎಲ್ಲಿ ನೆಡಬೇಕೆಂಬುದನ್ನು ಆ ಗೂಟಗಳೇ ಹೇಳುತ್ತವೆ.